ಕೊನೆಯ 5 ಮಿಲಿಗ್ರಾಂ

ತಿಂಗಳುಗಟ್ಟಲೆ ಸ್ಟೀರಾಯ್ಡ್ ನುಂಗಿ ಈಗ ಅದನ್ನು ಇಳಿಸುತ್ತಿರುವವರ ಔಷಧ ಚೀಟಿಗಳನ್ನು ಸಾಲಾಗಿ ಜೋಡಿಸಿ ನೋಡಿದರೆ ಲೆಕ್ಕ ತಲೆಕೆಳಗಾದಂತೆ ಕಾಣುತ್ತದೆ. ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೋಲೋನ್‌ನಿಂದ 20ಕ್ಕೆ ಬರಲು ಒಂದು ತಿಂಗಳು ಸಾಕಾಗಿರುತ್ತದೆ. 5ರಿಂದ ಸೊನ್ನೆಗೆ ಬರಲು ಮಾತ್ರ ಐದಾರು ತಿಂಗಳು, ಕೆಲವರಿಗೆ ಅದಕ್ಕೂ ಹೆಚ್ಚು. ಕೀಲುಗಳ ಬಾವು ಇಳಿದಿದೆ, ರಕ್ತಪರೀಕ್ಷೆಯ ವರದಿ ಚೆನ್ನಾಗಿದೆ, ಮುಖದ ಊತವೂ ಕರಗುತ್ತಿದೆ. ಉಳಿದಿರುವುದು ಒಂದು ಪುಟ್ಟ ಮಾತ್ರೆ. ಇದನ್ನು ಈಗಲೇ ಬಿಟ್ಟರೆ ಏನಾದೀತು ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ಇಡೀ ಚಿಕಿತ್ಸೆಯಲ್ಲಿ ಅತ್ಯಂತ ಎಚ್ಚರದಿಂದಿರಬೇಕಾದ ಘಟ್ಟ ಶುರುವಾಗುವುದು ಆ ಪ್ರಶ್ನೆ ಏಳುವ ಹೊತ್ತಿಗೇ.

ಪ್ರೆಡ್ನಿಸೋಲೋನ್ ದೇಹಕ್ಕೆ ಪರಕೀಯ ವಸ್ತುವೇನಲ್ಲ. ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ದಿನವೂ ತಯಾರಿಸುತ್ತವೆ. ಪ್ರೆಡ್ನಿಸೋಲೋನ್ ಅದರದೇ ಹತ್ತಿರದ ಬಂಧು. ರಕ್ತದೊತ್ತಡ ಕುಸಿಯದಂತೆ ನೋಡಿಕೊಳ್ಳುವುದು, ಉಪವಾಸವಿದ್ದಾಗ ರಕ್ತದ ಸಕ್ಕರೆ ತೀರ ಕೆಳಗಿಳಿಯದಂತೆ ಕಾಯುವುದು, ಜ್ವರ, ಗಾಯ, ಶಸ್ತ್ರಚಿಕಿತ್ಸೆಯಂತಹ ಆಘಾತಗಳನ್ನು ದೇಹ ತಾಳಿಕೊಳ್ಳುವಂತೆ ಮಾಡುವುದು ಕಾರ್ಟಿಸಾಲ್‌ನ ಕೆಲಸ. ಆರೋಗ್ಯವಂತ ವಯಸ್ಕರ ದೇಹ ದಿನಕ್ಕೆ ತಯಾರಿಸುವ ಕಾರ್ಟಿಸಾಲ್ ಸುಮಾರು 4ರಿಂದ 6 ಮಿಲಿಗ್ರಾಂ ಪ್ರೆಡ್ನಿಸೋಲೋನ್‌ಗೆ ಸಮ. ಕೊನೆಯ 5 ಮಿಲಿಗ್ರಾಮಿನ ಗುಟ್ಟು ಇಲ್ಲಿದೆ. ದಿನಕ್ಕೆ 40 ಮಿಲಿಗ್ರಾಂ ಎಂದರೆ ದೇಹದ ಅಗತ್ಯದ ಎಂಟು ಪಟ್ಟು. ಅದರಲ್ಲಿ ಅರ್ಧ ತೆಗೆದರೂ ಬದುಕಲು ಬೇಕಾದುದಕ್ಕಿಂತ ಬಹಳ ಹೆಚ್ಚೇ ಉಳಿದಿರುತ್ತದೆ. 5ಕ್ಕಿಂತ ಕೆಳಗೆ ಇಳಿಯುವಾಗ ಹಾಗಲ್ಲ. ತೆಗೆದ ಪ್ರತಿಯೊಂದು ಮಿಲಿಗ್ರಾಮಿನ ಜಾಗವನ್ನೂ ದೇಹವೇ ತುಂಬಿಕೊಡಬೇಕು.

ಬೇರೆ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರು ಇದೇ 5ರ ಗೆರೆಯನ್ನು ತಮ್ಮ ಮಾತ್ರೆಯ ಅಳತೆಗೆ ಬದಲಿಸಿಕೊಳ್ಳಬೇಕಾಗುತ್ತದೆ. 5 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಹೆಚ್ಚುಕಡಿಮೆ 20 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್‌ಗೆ, 4 ಮಿಲಿಗ್ರಾಂ ಮೀಥೈಲ್‌ಪ್ರೆಡ್ನಿಸೋಲೋನ್‌ಗೆ, 6 ಮಿಲಿಗ್ರಾಂ ಡಿಫ್ಲಜಕಾರ್ಟ್‌ಗೆ, 0.75 ಮಿಲಿಗ್ರಾಂ ಡೆಕ್ಸಾಮೆಥಾಸೋನ್‌ಗೆ ಸಮ. ಮಾತ್ರೆಯ ಮೇಲೆ 0.5 ಎಂದು ಬರೆದಿದೆ, ಇದು ತೀರ ಸೌಮ್ಯವಾದ ಔಷಧ ಎಂದುಕೊಂಡು ಡೆಕ್ಸಾಮೆಥಾಸೋನ್ ನುಂಗುತ್ತಿರುವವರು ಈ ಸಾಲನ್ನು ಇನ್ನೊಮ್ಮೆ ಓದಬೇಕೆಂದು ನನ್ನ ಆಸೆ.

ಹಾಗಾದರೆ ದೇಹ ತನ್ನ ಪಾಲನ್ನು ಕೂಡಲೇ ಏಕೆ ತುಂಬಿಕೊಡುವುದಿಲ್ಲ? ಅಡ್ರಿನಲ್ ಗ್ರಂಥಿ ತನ್ನಷ್ಟಕ್ಕೆ ತಾನು ಕೆಲಸ ಮಾಡುವುದಿಲ್ಲ. ಮಿದುಳಿನ ಬುಡದಲ್ಲಿರುವ ಹೈಪೋಥಲಮಸ್ ಒಂದು ಸಂದೇಶ ಕಳಿಸುತ್ತದೆ. ಅದನ್ನು ಪಡೆದ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಅಡ್ರಿನಲ್ ಗ್ರಂಥಿಯನ್ನು ತಲುಪಿದ ಮೇಲೆಯೇ ಕಾರ್ಟಿಸಾಲ್ ತಯಾರಾಗುತ್ತದೆ. ರಕ್ತದಲ್ಲಿ ಕಾರ್ಟಿಸಾಲ್ ಸಾಕಷ್ಟಿದ್ದರೆ ಮೇಲಿನವರಿಬ್ಬರೂ ಸುಮ್ಮನಾಗುತ್ತಾರೆ. ಹೊರಗಿನಿಂದ ಬಂದ ಪ್ರೆಡ್ನಿಸೋಲೋನ್‌ಗೂ ಒಳಗಿನ ಕಾರ್ಟಿಸಾಲ್‌ಗೂ ಇರುವ ವ್ಯತ್ಯಾಸ ಈ ಕಾವಲುಗಾರರಿಗೆ ತಿಳಿಯುವುದಿಲ್ಲ. ಬೇಕಾದಷ್ಟಿದೆ ಎಂದುಕೊಂಡು ತಿಂಗಳುಗಟ್ಟಲೆ ಮೌನವಾಗಿರುತ್ತಾರೆ. ಎಸಿಟಿಎಚ್ ಬರೀ ಆಜ್ಞೆಯಲ್ಲ, ಅಡ್ರಿನಲ್ ಗ್ರಂಥಿಯ ಹೊರಪದರವನ್ನು ಪೋಷಿಸುವುದೂ ಅದೇ. ಅದು ನಿಂತಾಗ, ಪ್ಲಾಸ್ಟರ್ ಹಾಕಿದ ಕಾಲಿನ ಸ್ನಾಯು ಸೊರಗುವಂತೆ, ಆ ಪದರ ನಿಜವಾಗಿಯೂ ಕುಗ್ಗುತ್ತದೆ. ಮಾತ್ರೆ ಕಡಿಮೆಯಾದಾಗ ಮೊದಲು ಎಚ್ಚರಗೊಳ್ಳುವುದು ಮೇಲಿನ ಗ್ರಂಥಿಗಳು. ಅವು ಕೂಗಿ ಕರೆದರೂ ಸೊರಗಿದ ಅಡ್ರಿನಲ್ ಮತ್ತೆ ಮೈದುಂಬಿಕೊಂಡು ಓಗೊಡಲು ಕಾಲ ಬೇಕು. ಕೆಲವರಿಗೆ ಕೆಲವು ವಾರ, ಹಲವರಿಗೆ ತಿಂಗಳುಗಳು, ಇನ್ನು ಕೆಲವರಿಗೆ ಒಂದು ವರ್ಷಕ್ಕೂ ಮಿಕ್ಕಿ.

ಈ ಪಾಠವನ್ನು ವೈದ್ಯಲೋಕ ಕಲಿತದ್ದು ಬೆಲೆ ತೆತ್ತು. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅವರ ತಂಡ, ರುಮಟಾಯ್ಡ್ ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಯುವತಿಯೊಬ್ಬರಿಗೆ ಮೊದಲ ಬಾರಿ, ಕಾರ್ಟಿಸಾಲ್‌ನ ಇನ್ನೊಂದು ಬಂಧುವಾದ ಕಾರ್ಟಿಸೋನ್ ಚುಚ್ಚುಮದ್ದು ಕೊಟ್ಟಿತು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಾಡಿದರು. ಎರಡೇ ವರ್ಷಗಳಲ್ಲಿ, 1950ರಲ್ಲಿ, ಹೆಂಚ್, ಎಡ್ವರ್ಡ್ ಕೆಂಡಾಲ್ ಮತ್ತು ಟಾಡಿಯಸ್ ರೈಖ್‌ಸ್ಟೈನ್ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಇನ್ನೆರಡು ವರ್ಷಗಳಲ್ಲಿ, 1952ರಲ್ಲಿ, ಕಾರ್ಟಿಸೋನ್ ಚಿಕಿತ್ಸೆ ಪಡೆದಿದ್ದ ಸಂಧಿವಾತದ ರೋಗಿಯೊಬ್ಬರು ಶಸ್ತ್ರಚಿಕಿತ್ಸೆಯ ನಂತರ ರಕ್ತದೊತ್ತಡ ಕುಸಿದು ಮರಳಿ ಏಳದೆ ತೀರಿಕೊಂಡ ವರದಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರ ಅಡ್ರಿನಲ್ ಗ್ರಂಥಿಗಳು ಕುಗ್ಗಿಹೋಗಿದ್ದವು. ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ವೈದ್ಯರು ‘ಸ್ಟೀರಾಯ್ಡ್ ತೆಗೆದುಕೊಂಡಿದ್ದೀರಾ’ ಎಂದು ಇಂದಿಗೂ ಕೇಳುವುದರ ಹಿಂದೆ ಅಂತಹ ಸಾವುಗಳ ನೆನಪಿದೆ.

ಹಾಗೆಂದು ಸ್ಟೀರಾಯ್ಡ್ ಮುಟ್ಟಿದವರೆಲ್ಲ ತಿಂಗಳುಗಟ್ಟಲೆ ಇಳಿಸಬೇಕಾಗಿಲ್ಲ. ಅಸ್ತಮಾ ಕೆರಳಿತೆಂದು ಐದು ದಿನ ಮಾತ್ರೆ ತೆಗೆದುಕೊಂಡವರು ಸಾಮಾನ್ಯವಾಗಿ ಒಮ್ಮೆಗೇ ನಿಲ್ಲಿಸಬಹುದು. ದೇಹದ ಅಗತ್ಯಕ್ಕಿಂತ ಹೆಚ್ಚಿನ ಪ್ರಮಾಣವನ್ನು ಮೂರು ನಾಲ್ಕು ವಾರಗಳಿಗೂ ಹೆಚ್ಚು ಕಾಲ ತೆಗೆದುಕೊಂಡವರ ವಿಷಯ ಬೇರೆ. ಅವರ ಗ್ರಂಥಿ ಮಲಗಿದೆ ಎಂದು ಭಾವಿಸಿಯೇ ಮುಂದುವರಿಯಬೇಕು. ವರ್ಷದಲ್ಲಿ ನಾಲ್ಕೈದು ಸಲ ಚಿಕ್ಕ ಚಿಕ್ಕ ಕಂತುಗಳಲ್ಲಿ ಪಡೆದವರಿಗೂ ಈ ಅಪಾಯ ಇರಬಹುದು, ಕಂತುಗಳೆಲ್ಲ ಕೂಡುತ್ತವೆ.

ಇಳಿಸುವ ಹಾದಿಯಲ್ಲಿ ಎರಡು ಬೇರೆ ಬೇರೆ ಪಯಣಗಳಿವೆ. ಇವೆರಡನ್ನು ಬೇರ್ಪಡಿಸಿ ನೋಡದಿರುವುದರಿಂದಲೇ ಅರ್ಧಕ್ಕರ್ಧ ಗೊಂದಲ ಹುಟ್ಟುತ್ತದೆ ಎಂದು ನನಗೆ ಅನಿಸುತ್ತದೆ. ಮೇಲಿನ ಪ್ರಮಾಣದಿಂದ ಸುಮಾರು 5ರ ಗೆರೆಯವರೆಗಿನ ಪಯಣದಲ್ಲಿ ಕೇಳಬೇಕಾದದ್ದು ಕಾಯಿಲೆಯ ಮಾತು. ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ಎರಗುವ ಲೂಪಸ್ ಶಾಂತವಾಗಿದೆಯೇ, ಕರುಳಿನ ಉರಿಯೂತ ತಣಿದಿದೆಯೇ, ರಕ್ತನಾಳಗಳ ಬಾವು ಮರಳುವ ಸೂಚನೆ ಇದೆಯೇ? ಗೆರೆಯ ಕೆಳಗಿನ ಪಯಣದಲ್ಲಿ ಕಾಯಿಲೆಯ ಜೊತೆಗೆ ಗ್ರಂಥಿಯ ಮಾತನ್ನೂ ಕೇಳಬೇಕು. ಯುರೋಪಿನ ಮತ್ತು ಅಮೆರಿಕದ ಹಾರ್ಮೋನು ತಜ್ಞರ ಸಂಘಗಳು 2024ರಲ್ಲಿ ಕೂಡಿ ಹೊರತಂದ ಮಾರ್ಗಸೂಚಿ ಇದೇ ತಿಳಿವಳಿಕೆಯ ಮೇಲೆ ನಿಂತಿದೆ. ಕಾಯಿಲೆ ಹತೋಟಿಯಲ್ಲಿದ್ದರೆ 40ಕ್ಕಿಂತ ಮೇಲಿರುವಾಗ ವಾರಕ್ಕೆ 5ರಿಂದ 10 ಮಿಲಿಗ್ರಾಂ, 20ರಿಂದ 40ರ ನಡುವೆ ವಾರಕ್ಕೆ 5, 10ರಿಂದ 20ರ ನಡುವೆ ಒಂದರಿಂದ ನಾಲ್ಕು ವಾರಕ್ಕೊಮ್ಮೆ 1ರಿಂದ 2.5, 5ರಿಂದ 10ರ ನಡುವೆ ಒಂದರಿಂದ ನಾಲ್ಕು ವಾರಕ್ಕೊಮ್ಮೆ 1, ಅಲ್ಲಿಂದ ಕೆಳಗೆ ನಾಲ್ಕು ವಾರಕ್ಕೊಮ್ಮೆ 1 ಮಿಲಿಗ್ರಾಂ ಇಳಿಸಬಹುದು. ಮೆಟ್ಟಿಲುಗಳು ಕೆಳಗೆ ಹೋದಷ್ಟೂ ಚಿಕ್ಕದಾಗುತ್ತವೆ. 40ರಿಂದ 35ಕ್ಕೆ ಇಳಿದವರು ಕಳೆದುಕೊಂಡದ್ದು ಎಂಟನೆಯ ಒಂದು ಪಾಲು. 5ರಿಂದ 4ಕ್ಕೆ ಇಳಿದವರು ಐದನೆಯ ಒಂದು ಪಾಲು. 2ರಿಂದ 1ಕ್ಕೆ ಇಳಿದವರು ಅರ್ಧಕ್ಕರ್ಧ. ಒಂದೇ ಮಿಲಿಗ್ರಾಂ ಎಂದು ನಾವು ಹಗುರವಾಗಿ ಹೇಳಬಹುದು, ದೇಹ ಅಳೆಯುವುದು ಪಾಲಿನ ಲೆಕ್ಕದಲ್ಲಿ.

ಈ ಅಂಕಿಗಳು ದಾರಿಯ ಅಂದಾಜಷ್ಟೇ. ಕಾಯಿಲೆ ಯಾವುದು ಎನ್ನುವುದರ ಮೇಲೆ ವೇಗ ಬದಲಾಗುತ್ತದೆ. ವಯಸ್ಸಾದವರ ಭುಜ ಮತ್ತು ಸೊಂಟಕ್ಕೆ ಬಿಗಿತ ತರುವ ಪಾಲಿಮಯಾಲ್ಜಿಯಾ ರುಮಾಟಿಕಾದಲ್ಲಿ 10 ಮಿಲಿಗ್ರಾಂ ತಲುಪಿದ ಮೇಲೆ ಸಾಮಾನ್ಯವಾಗಿ ನಾಲ್ಕು ವಾರಕ್ಕೆ 1 ಮಿಲಿಗ್ರಾಮಿನಂತೆ ಇಳಿಸುತ್ತಾರೆ. ಹಾಗಾಗಿ ಒಂದೆರಡು ವರ್ಷ ಹಿಡಿದರೆ ಅದು ಸೋಲಲ್ಲ, ಆ ಕಾಯಿಲೆಯ ನಡಿಗೆಯೇ ಹಾಗೆ.

ಇಳಿಸಿದ ಮೇಲೆ ಮೈ ಹದಗೆಟ್ಟಾಗ ಮನಸ್ಸಿಗೆ ಮೊದಲು ಬರುವುದು ಒಂದೇ ಉತ್ತರ, ಕಾಯಿಲೆ ಮರಳಿತು ಎಂದು. ಅದು ನಿಜವಿರಬಹುದು. ಆದರೆ ಇನ್ನೆರಡು ಕಾರಣಗಳೂ ಸಾಲಿನಲ್ಲಿ ನಿಂತಿರುತ್ತವೆ. ಕಾಯಿಲೆ ಮರಳಿದರೆ ತನ್ನ ಹಳೆಯ ಗುರುತನ್ನು ಹೊತ್ತೇ ಬರುತ್ತದೆ. ಮೊದಲು ಊದಿದ್ದ ಕೀಲುಗಳೇ ಮತ್ತೆ ಊದುತ್ತವೆ, ಬೆಳಗಿನ ಹೊತ್ತು ಕೈ ಬಿಗಿಯಾಗಿ ಗಂಟೆಗಟ್ಟಲೆ ಸಡಿಲಗೊಳ್ಳುವುದಿಲ್ಲ, ಮಲದಲ್ಲಿ ರಕ್ತ ಕಾಣುತ್ತದೆ, ರಕ್ತಪರೀಕ್ಷೆಯಲ್ಲಿ ಉರಿಯೂತ ತೋರಿಸುವ ಅಂಕಿಗಳಾದ ಇಎಸ್‌ಆರ್ ಮತ್ತು ಸಿಆರ್‌ಪಿ ಏರುತ್ತವೆ. ಎರಡನೆಯದು ಅಡ್ರಿನಲ್ ಕೊರತೆ. ಇಲ್ಲಿ ಕೀಲಿಗಿಂತ ಇಡೀ ಜೀವವೇ ಸೋತಂತಿರುತ್ತದೆ. ಹಸಿವಿಲ್ಲ, ವಾಕರಿಕೆ, ತೂಕ ಇಳಿಯುತ್ತದೆ, ಎದ್ದು ನಿಂತರೆ ಕಣ್ಣು ಕತ್ತಲಾಗುತ್ತದೆ, ಮಲಗಿ ಎದ್ದರೂ ಹೋಗದ ಆಯಾಸ. ಮೂರನೆಯದನ್ನು ವೈದ್ಯರು ಸ್ಟೀರಾಯ್ಡ್ ಹಿಂತೆಗೆತದ ಲಕ್ಷಣಗಳು ಎನ್ನುತ್ತಾರೆ. ಗ್ರಂಥಿ ಕೆಲಸ ಮಾಡುತ್ತಿದ್ದರೂ, ರಕ್ತದಲ್ಲಿ ಇರಬೇಕಾದಷ್ಟು ಇದ್ದರೂ, ಎಂಟು ಪಟ್ಟಿಗೆ ಒಗ್ಗಿಹೋಗಿದ್ದ ದೇಹಕ್ಕೆ ಸಹಜ ಮಟ್ಟವೇ ಕೊರತೆಯಂತೆ ತೋರುತ್ತದೆ. ಪ್ರಮಾಣ ಇಳಿಸಿದ ಕೆಲವೇ ದಿನಗಳಲ್ಲಿ ಮೈಕೈಯೆಲ್ಲ ನೋವು, ಮನಸ್ಸು ಕುಗ್ಗುವುದು, ನಿದ್ದೆ ಕೆಡುವುದು ಶುರುವಾಗುತ್ತವೆ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಲ್ಲವೇ ಕೆಲವು ವಾರಗಳಲ್ಲಿ ಅವು ತಣಿಯುತ್ತವೆ.

ಮೂರರ ಮುಖವೂ ಒಂದಕ್ಕೊಂದು ಹೋಲುವುದರಿಂದ ರೋಗಿಯೊಬ್ಬರೇ ಕುಳಿತು ತೀರ್ಮಾನಿಸುವುದು ಕಷ್ಟ. ವೈದ್ಯರಿಗೂ ಸುಲಭವಲ್ಲ. ಆದರೂ ಈ ಮೂರು ಹೆಸರು ಗೊತ್ತಿದ್ದರೆ ವೈದ್ಯರ ಮುಂದೆ ಮಾತು ಬೇರೆಯೇ ಆಗುತ್ತದೆ. ‘ಮತ್ತೆ ನೋವು ಬಂತು’ ಎನ್ನುವುದರ ಬದಲು ‘ಇಳಿಸಿದ ಮೂರನೆಯ ದಿನದಿಂದ ಮೈಯೆಲ್ಲ ನೋವು, ಹಳೆಯ ಕೀಲುಗಳಲ್ಲಿ ಬಾವಿಲ್ಲ, ವಾಕರಿಕೆಯೂ ಇಲ್ಲ’ ಎಂದು ಹೇಳಿದರೆ ಅರ್ಧ ಉತ್ತರ ಆ ಮಾತಿನಲ್ಲೇ ಸಿಗುತ್ತದೆ. ಒಂದು ಚಿಕ್ಕ ಪುಸ್ತಕದಲ್ಲಿ ದಿನಾಂಕ, ಪ್ರಮಾಣ, ಆ ದಿನ ಮೈ ಹೇಗಿತ್ತು ಎಂದು ಬರೆದಿಡುವುದಕ್ಕಿಂತ ಉಪಯುಕ್ತವಾದ ಉಪಕರಣ ಈ ಹಾದಿಯಲ್ಲಿ ಇನ್ನೊಂದಿಲ್ಲ.

ಇಲ್ಲಿ ಒಂದು ಮೋಸದ ಜಾಗವಿದೆ. ಅಡ್ರಿನಲ್ ಗ್ರಂಥಿಯೇ ನಾಶವಾಗುವ ಅಡಿಸನ್ ಕಾಯಿಲೆಯಲ್ಲಿ ಚರ್ಮ ಕಪ್ಪಾಗುತ್ತದೆ, ರಕ್ತದ ಪೊಟ್ಯಾಸಿಯಂ ಏರುತ್ತದೆ. ಸ್ಟೀರಾಯ್ಡ್‌ನಿಂದ ಮಲಗಿದ ಗ್ರಂಥಿಯಲ್ಲಿ ಹಾಗಾಗುವುದಿಲ್ಲ. ಉಪ್ಪು ಮತ್ತು ಪೊಟ್ಯಾಸಿಯಂ ನೋಡಿಕೊಳ್ಳುವ ಆಲ್ಡೋಸ್ಟಿರೋನ್ ಹಾರ್ಮೋನು ಮುಖ್ಯವಾಗಿ ಮೂತ್ರಪಿಂಡದ ಸಂದೇಶವನ್ನು ಕೇಳುತ್ತದೆಯೇ ಹೊರತು ಪಿಟ್ಯುಟರಿಯನ್ನಲ್ಲ. ಆದ್ದರಿಂದ ಅದರ ಕೆಲಸ ನಿಲ್ಲುವುದಿಲ್ಲ. ಪೊಟ್ಯಾಸಿಯಂ ಸರಿಯಾಗಿದೆ ಎಂಬ ಕಾರಣಕ್ಕೆ ಕಾರ್ಟಿಸಾಲ್ ಕೊರತೆ ಇಲ್ಲವೆಂದು ತೀರ್ಮಾನಿಸಲು ಬರುವುದಿಲ್ಲ.

ಗ್ರಂಥಿ ಎದ್ದಿದೆಯೇ ಎಂದು ತಿಳಿಯಲು ಸರಳ ಪರೀಕ್ಷೆ ಇದೆ. ಕಾರ್ಟಿಸಾಲ್ ಮುಂಜಾನೆ ಏರಿ ನಡುರಾತ್ರಿಗೆ ತಳ ಮುಟ್ಟುವ ಹಾರ್ಮೋನು. ಹಾಗಾಗಿ ಬೆಳಿಗ್ಗೆ ಎಂಟು ಒಂಬತ್ತರ ಹೊತ್ತಿಗೆ, ಹಿಂದಿನ ಮಾತ್ರೆ ನುಂಗಿ ಕನಿಷ್ಠ 24 ಗಂಟೆ ಕಳೆದ ಮೇಲೆ, ಆ ದಿನದ ಮಾತ್ರೆಗೆ ಮುಂಚೆ ರಕ್ತ ಕೊಡಬೇಕು. ಪ್ರೆಡ್ನಿಸೋಲೋನ್ ರಚನೆಯಲ್ಲಿ ಕಾರ್ಟಿಸಾಲ್ ಅನ್ನು ಎಷ್ಟು ಹೋಲುತ್ತದೆಂದರೆ ಪ್ರಯೋಗಾಲಯದ ಕೆಲವು ವಿಧಾನಗಳು ಅದನ್ನೂ ಕಾರ್ಟಿಸಾಲ್ ಎಂದೇ ಎಣಿಸಿಬಿಡುತ್ತವೆ. ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆಗಳೂ ಅಂಕಿಯನ್ನು ಹುಸಿಯಾಗಿ ಏರಿಸುತ್ತವೆ, ಅದನ್ನು ಮೊದಲೇ ಹೇಳಬೇಕು. ವರದಿಯಲ್ಲಿ ಪ್ರತಿ ಡೆಸಿಲೀಟರಿಗೆ 10 ಮೈಕ್ರೋಗ್ರಾಮಿಗಿಂತ ಹೆಚ್ಚಿದ್ದರೆ ಗ್ರಂಥಿ ಎದ್ದಿದೆ ಎಂದು ತಿಳಿದು ಸ್ಟೀರಾಯ್ಡ್ ನಿಲ್ಲಿಸಬಹುದು. 5ಕ್ಕಿಂತ ಕಡಿಮೆ ಇದ್ದರೆ ಅದೇ ಪ್ರಮಾಣದಲ್ಲಿ ಮುಂದುವರಿದು ಕೆಲವು ತಿಂಗಳ ನಂತರ ಮತ್ತೆ ನೋಡಬೇಕು. ನಡುವಿನ ಅಂಕಿ ಬಂದರೆ ಗ್ರಂಥಿ ಅರೆನಿದ್ದೆಯಲ್ಲಿದೆ, ಇನ್ನಷ್ಟು ಕಾಯಬೇಕು. ಅನುಮಾನ ಉಳಿದರೆ ಕೃತಕ ಎಸಿಟಿಎಚ್ ಚುಚ್ಚಿ, ಅರ್ಧ ಗಂಟೆ ಅಥವಾ ಒಂದು ಗಂಟೆಯ ನಂತರ ಗ್ರಂಥಿ ಎಷ್ಟು ಓಗೊಟ್ಟಿತೆಂದು ನೋಡುವ ಪರೀಕ್ಷೆಯೂ ಇದೆ. ಎಲ್ಲರಿಗೂ ಪರೀಕ್ಷೆ ಬೇಕೇಬೇಕೆಂದಿಲ್ಲ. ಲಕ್ಷಣಗಳನ್ನು ಗಮನಿಸುತ್ತ ನಿಧಾನವಾಗಿ ಇಳಿಸಿ ನಿಲ್ಲಿಸುವುದೂ ಒಪ್ಪಿತ ದಾರಿಯೇ.

ಈಗ ಈ ಲೇಖನದಲ್ಲಿ ಒಂದನ್ನಷ್ಟೇ ನೆನಪಿಡಲು ಸಾಧ್ಯವಿರುವವರಿಗಾಗಿ. ಆರೋಗ್ಯವಂತರಿಗೆ ಜ್ವರ ಬಂದರೆ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ತಯಾರಿಕೆಯನ್ನು ತಾನಾಗಿ ಹೆಚ್ಚಿಸುತ್ತದೆ. ಮಲಗಿದ ಗ್ರಂಥಿಗೆ ಅದು ಸಾಧ್ಯವಿಲ್ಲ. ಆದ್ದರಿಂದ ಕಡಿಮೆ ಪ್ರಮಾಣದಲ್ಲಿರುವವರು ಜ್ವರ ಬಂದ ದಿನಗಳಲ್ಲಿ ಸ್ಟೀರಾಯ್ಡ್ ಅನ್ನು ನಿಲ್ಲಿಸುವುದಲ್ಲ, ವೈದ್ಯರು ಮೊದಲೇ ಹೇಳಿಕೊಟ್ಟಂತೆ ಹೆಚ್ಚಿಸಬೇಕು. ಜ್ವರ ಇಳಿದ ಮೇಲೆ ಹಳೆಯ ಪ್ರಮಾಣಕ್ಕೆ ಮರಳಬೇಕು. ‘ಜ್ವರ ಬಂದರೆ ನಾನು ಎಷ್ಟು ತೆಗೆದುಕೊಳ್ಳಲಿ’ ಎಂಬ ಪ್ರಶ್ನೆಯನ್ನು ಜ್ವರ ಬರುವ ಮೊದಲೇ ಕೇಳಿ, ಉತ್ತರವನ್ನು ಬರೆಸಿಕೊಳ್ಳಬೇಕು. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಭೇದಿ ಜೋರಾಗಿದ್ದರೆ, ಎದ್ದು ನಿಲ್ಲಲಾಗದಷ್ಟು ನಿತ್ರಾಣವಾದರೆ, ಮಾತು ತೊದಲಿ ಮಂಪರು ಕವಿದರೆ ಮನೆಯಲ್ಲಿ ಕಾಯಬಾರದು. ಅದು ಅಡ್ರಿನಲ್ ಬಿಕ್ಕಟ್ಟಾಗಿರಬಹುದು, ಜೀವ ತೆಗೆಯಬಲ್ಲದು. ತುರ್ತು ಚಿಕಿತ್ಸಾ ಘಟಕದಲ್ಲಿ ವಯಸ್ಕರಿಗೆ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಚುಚ್ಚುಮದ್ದು ಮತ್ತು ರಕ್ತನಾಳದ ಮೂಲಕ ಸಲೈನ್ ಕೊಡುತ್ತಾರೆ. ಬಹಳಷ್ಟು ಮಂದಿ ಗಂಟೆಗಳಲ್ಲೇ ಚೇತರಿಸಿಕೊಳ್ಳುತ್ತಾರೆ. ಆದರೆ ಅಲ್ಲಿನವರಿಗೆ ಸ್ಟೀರಾಯ್ಡ್ ವಿಷಯ ಗೊತ್ತಿರಬೇಕು. ರೋಗಿಗೆ ಮಾತನಾಡಲಾಗದ ಹೊತ್ತಿನಲ್ಲಿ ಅದನ್ನು ಹೇಳುವವರು, ಸ್ಟೀರಾಯ್ಡ್ ವಿಷಯ ಬರೆದು ಜೇಬಿನಲ್ಲಿಟ್ಟುಕೊಂಡ ಕಾರ್ಡು ಅಥವಾ ಮನೆಯವರು ಮಾತ್ರ.

ಮಾತ್ರೆಯ ಜೊತೆ ಬೇರೆ ಔಷಧಗಳೂ ಸದ್ದಿಲ್ಲದೆ ಲೆಕ್ಕ ತಪ್ಪಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್ ಪ್ರೆಡ್ನಿಸೋಲೋನ್ ಅನ್ನು ಬೇಗ ಕರಗಿಸಿಬಿಡುತ್ತವೆ. ನುಂಗಿದ್ದು 5 ಆದರೂ ದೇಹಕ್ಕೆ ದಕ್ಕುವುದು ಕಡಿಮೆ. ಶಿಲೀಂಧ್ರ ಸೋಂಕಿಗೆ ಕೊಡುವ ಇಟ್ರಕೊನಜೋಲ್‌ನಂಥವು ಇದಕ್ಕೆ ತದ್ವಿರುದ್ಧ, ಸ್ಟೀರಾಯ್ಡ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತವೆ. ಕೀಲಿಗೆ ಚುಚ್ಚಿಸಿಕೊಂಡದ್ದು, ಹೆಚ್ಚಿನ ಪ್ರಮಾಣದಲ್ಲಿ ಎಳೆದುಕೊಳ್ಳುವ ಇನ್ಹೇಲರ್, ವಿಶಾಲವಾದ ಜಾಗಕ್ಕೆ ತಿಂಗಳುಗಟ್ಟಲೆ ಹಚ್ಚುವ ಕ್ಲೋಬೆಟಸಾಲ್‌ನಂತಹ ಪ್ರಬಲ ಮುಲಾಮು, ಇವೆಲ್ಲವೂ ಗ್ರಂಥಿಯನ್ನು ಮಲಗಿಸಬಲ್ಲವು. ಏನಿದೆ ಎಂದು ಹೇಳದೆ ಕೊಡುವ, ನೋವನ್ನು ಎರಡೇ ದಿನದಲ್ಲಿ ಮಾಯ ಮಾಡುವ ಪುಡಿ ಮತ್ತು ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಮತ್ತೆ ಮತ್ತೆ ಪತ್ತೆಯಾಗಿದೆ. ಅವುಗಳನ್ನು ತಿಂದವರಿಗೆ ತಾವು ಸ್ಟೀರಾಯ್ಡ್ ಮೇಲಿದ್ದೇವೆಂಬುದೇ ತಿಳಿದಿರುವುದಿಲ್ಲ. ಹಣ ಉಳಿಸಲೆಂದೋ ಗುಣವಾಯಿತೆಂದೋ ಒಂದು ದಿನ ನಿಲ್ಲಿಸಿ ಕುಸಿದಾಗ ಕಾರಣ ಹುಡುಕುವುದು ಎಷ್ಟು ಕಷ್ಟ ಎಂದು ಯೋಚಿಸಿದರೆ ಆ ಮಾರಾಟಗಾರರ ಮೇಲೆ ಸಿಟ್ಟು ಬರುತ್ತದೆ.

ಇಷ್ಟೆಲ್ಲ ತೊಡಕಿದ್ದ ಮೇಲೆ ಇಳಿಸುವುದಾದರೂ ಏಕೆ ಎಂದರೆ, ಹೆಚ್ಚಿನ ಪ್ರಮಾಣದಲ್ಲಿ ಉಳಿಯುವುದು ಇನ್ನೂ ದುಬಾರಿ. ಮೂಳೆ ಸವೆಯುವುದು ಚಿಕಿತ್ಸೆಯ ಮೊದಲ ಕೆಲವು ತಿಂಗಳುಗಳಲ್ಲೇ ಅತ್ಯಂತ ವೇಗವಾಗಿರುತ್ತದೆ. ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ, ಗ್ಲಾಕೋಮಾ, ಸೋಂಕುಗಳು, ತೊಡೆಮೂಳೆಯ ತಲೆಗೆ ರಕ್ತದ ಹರಿವು ನಿಂತು ಅದು ಕುಸಿಯುವುದು, ಎಲ್ಲವೂ ಪ್ರಮಾಣ ಮತ್ತು ಕಾಲದ ಜೊತೆ ಹೆಚ್ಚುತ್ತವೆ. ಬರೀ ಮನೋಬಲದಿಂದ ಇಳಿಸಲಾಗುವುದಿಲ್ಲ, ಸ್ಟೀರಾಯ್ಡ್ ಬಿಟ್ಟುಹೋಗುವ ಜಾಗವನ್ನು ಬೇರೆ ಔಷಧ ತುಂಬಬೇಕು. ಮೀಥೋಟ್ರೆಕ್ಸೇಟ್, ಅಜಾಥಯೋಪ್ರಿನ್, ಮೈಕೋಫಿನೋಲೇಟ್ ಮತ್ತು ಜೈವಿಕ ಔಷಧಗಳು ಇರುವುದು ಅದಕ್ಕೇ. ಮೀಥೋಟ್ರೆಕ್ಸೇಟ್ ಪೂರ್ತಿ ಪರಿಣಾಮ ತೋರಲು ಎರಡು ಮೂರು ತಿಂಗಳು ಬೇಕು. ಶುರುವಾದ ವಾರವೇ ಸ್ಟೀರಾಯ್ಡ್ ಕಿತ್ತುಹಾಕಿ, ನೋವು ಮರಳಿದಾಗ ‘ಹೊಸ ಔಷಧ ಕೆಲಸಕ್ಕೆ ಬಾರದು’ ಎಂದು ಅದನ್ನೂ ಬಿಟ್ಟವರು ಎರಡೂ ಕಡೆಯಿಂದ ನಷ್ಟ ಅನುಭವಿಸುತ್ತಾರೆ. ಕೆಲವರಿಗೆ 5 ಅಥವಾ ಅದಕ್ಕಿಂತ ಕಡಿಮೆ ಪ್ರಮಾಣ ವರ್ಷಗಟ್ಟಲೆ ಬೇಕಾಗುತ್ತದೆ. ಲೂಪಸ್‌ನಲ್ಲಿ ದಿನಕ್ಕೆ 5 ಮಿಲಿಗ್ರಾಂ ಅಥವಾ ಅದಕ್ಕಿಂತ ಕೆಳಗಿರುವುದನ್ನೇ ಗುರಿಯಾಗಿ ಹೇಳಲಾಗಿದೆ. ಸೊನ್ನೆ ಮುಟ್ಟದವರು ತಮ್ಮನ್ನು ತಾವು ಹಳಿದುಕೊಳ್ಳುವುದನ್ನು ಕಂಡಾಗ ನೋವಾಗುತ್ತದೆ. ಅದರಲ್ಲಿ ಅವರ ತಪ್ಪೇನೂ ಇಲ್ಲ.

ದಿನನಿತ್ಯದ ವಿಷಯಗಳು ಸರಳ. ಮಾತ್ರೆಯನ್ನು ಬೆಳಿಗ್ಗೆ ಒಂದೇ ಸಲ, ಆಹಾರದ ಜೊತೆ ನುಂಗಿದರೆ ದೇಹದ ಸಹಜ ಲಯಕ್ಕೆ ಹತ್ತಿರ. ರಾತ್ರಿ ನುಂಗಿದ್ದು ಮುಂಜಾನೆ ಏಳಬೇಕಾದ ಗ್ರಂಥಿಯನ್ನು ಮತ್ತಷ್ಟು ತಡೆಯುತ್ತದೆ. ಡೆಕ್ಸಾಮೆಥಾಸೋನ್ ದೇಹದಲ್ಲಿ ಬಹಳ ಹೊತ್ತು ಉಳಿಯುವುದರಿಂದ ಅದರ ಮೇಲಿರುವವರನ್ನು ಇಳಿಸುವ ಮೊದಲು ಪ್ರೆಡ್ನಿಸೋಲೋನ್ ಅಥವಾ ಹೈಡ್ರೋಕಾರ್ಟಿಸೋನ್‌ಗೆ ಬದಲಿಸುವುದುಂಟು. ಹೊಟ್ಟೆಯಲ್ಲಿ ಕರಗದಂತೆ ಲೇಪ ಹಾಕಿದ ಮಾತ್ರೆಯನ್ನು ಮುರಿಯಬಾರದು, 1 ಮಿಲಿಗ್ರಾಮಿನ ಮಾತ್ರೆ ಕೇಳಿ ಪಡೆಯಬೇಕು. ಪ್ರಯಾಣ, ಪರೀಕ್ಷೆ, ಮನೆ ಬದಲಾಯಿಸುವ ವಾರಗಳಲ್ಲಿ ಹೊಸ ಮೆಟ್ಟಿಲು ಇಳಿಯದೆ ಇದ್ದಲ್ಲೇ ನಿಲ್ಲುವುದು ಜಾಣತನ. ಇಳಿದ ಮೇಲೆ ತಾಳಲಾಗದಿದ್ದರೆ ಒಂದು ಮೆಟ್ಟಿಲು ಹಿಂದಕ್ಕೆ ಹೋಗಿ, ಕೆಲವು ವಾರ ನಿಂತು, ಇನ್ನೂ ಚಿಕ್ಕ ಹೆಜ್ಜೆಯಲ್ಲಿ ಮತ್ತೆ ಹೊರಡಬಹುದು.

ಕೊನೆಯ ಮಾತ್ರೆ ನುಂಗಿದ ದಿನಕ್ಕೆ ಎಚ್ಚರ ಮುಗಿಯುವುದಿಲ್ಲ. ಗ್ರಂಥಿ ಶಾಂತ ದಿನಗಳಿಗೆ ಬೇಕಾದಷ್ಟು ತಯಾರಿಸಲು ಕಲಿತಿದ್ದರೂ, ದೊಡ್ಡ ಆಘಾತಕ್ಕೆ ಬೇಕಾಗುವಷ್ಟನ್ನು ಒಮ್ಮೆಗೇ ಒದಗಿಸಲು ಅದಕ್ಕೆ ಇನ್ನೂ ತಿಂಗಳುಗಳು ಬೇಕಾಗಬಹುದು. ನಿಲ್ಲಿಸಿದ ನಂತರ ಸುಮಾರು ಒಂದು ವರ್ಷದವರೆಗೆ ಶಸ್ತ್ರಚಿಕಿತ್ಸೆ, ಅಪಘಾತ, ಹೆರಿಗೆ, ತೀವ್ರ ಸೋಂಕು ಯಾವುದೇ ಬಂದರೂ ‘ಇಷ್ಟು ಕಾಲ ಸ್ಟೀರಾಯ್ಡ್ ತೆಗೆದುಕೊಂಡಿದ್ದೆ, ಇಂಥ ತಿಂಗಳು ನಿಲ್ಲಿಸಿದೆ’ ಎಂದು ಹೇಳಬೇಕು. ಜೇಬಿನ ಕಾರ್ಡನ್ನು ಅಲ್ಲಿಯವರೆಗೂ ತೆಗೆದಿಡಬಾರದು.